ಜೂನ್ ಒಂದರ ಮಾಸ್ತರರು

ಹೋದ ವರ್ಷ ಒಂದು ಸೋಮವಾರ ಮಧ್ಯಾಹ್ನ, ನರಗುಂದದ ತಾಲೂಕು ಕಚೇರಿಯಲ್ಲಿ, ಹಳೆಯ ಜನನ ದಾಖಲೆ ತೆಗೆಸುವ ಮೇಜಿನ ಎಡಗಡೆ ನಾನು ನಿಂತಿದ್ದೆ. ಕೊಣ್ಣೂರಿನ ನಮ್ಮ ನಿವೃತ್ತ ಮಾಸ್ತರರನ್ನು ಬೈಕಿನ ಮೇಲೆ ಕರೆತಂದವನು ನಾನೇ.

ಶಾಲೆಗೆ ಸೇರುವಾಗ ಹುಟ್ಟಿದ ದಿನ ಗೊತ್ತಿಲ್ಲದ ಮಕ್ಕಳಿಗೆಲ್ಲ ಅವರು ಜೂನ್ ಒಂದು ಎಂದು ಬರೆಯುತ್ತಿದ್ದರು. ನನಗೂ ಅದೇ. ಬರೆದು, ಮಸಿಯ ಮೇಲೆ ಮೆಲ್ಲಗೆ ಊದಿ, "ಬರದದ್ದ ಖರೇ ಆಗ್ತದಪಾ" ಅನ್ನುತ್ತಿದ್ದರು.

ಅಂದು ಮನೆತನದ ವಂಶಾವಳಿ ಬರೆಯಲು ಹೊರಟಿದ್ದ ಊರಿನ ಹುಡುಗಿಯೊಬ್ಬಳು ತನ್ನ ತಾಯಿಯ ಜನನ ದಾಖಲೆ ಹುಡುಕಿಸುತ್ತಿದ್ದಳು. ಹಳೆಯ ಹೆಸರುಗಳನ್ನು ಗುರುತಿಸಲು ಮಾಸ್ತರರು ಬಂದಿದ್ದರು. ತಾಯಿಯೂ ಪಕ್ಕದ ಬೆಂಚಿನ ಮೇಲೆ ಕೂತಿದ್ದರು.

"ಊರ ಮಂದೀನೆಲ್ಲ ಒಂದ ದಿನಾ ಹಡದೀರಲ್ರಿ, ಮಾಸ್ತರ!" ಎಂದು ಕಚೇರಿಯ ಗುಮಾಸ್ತೆ ಚೇಷ್ಟೆ ಮಾಡಿದರು. ಎಲ್ಲರೂ ನಕ್ಕೆವು. ಮಾಸ್ತರರೂ ನಕ್ಕರು.

ದಾಖಲೆ ಸಿಕ್ಕಿತು. ಮಗಳು ಬೆರಳು ಮಡಚಿ ಲೆಕ್ಕ ಹಾಕಿದಳು. "ಯವ್ವಾ, ಲಗ್ನದಾಗ ನಿನಗ ಬರೇ ಹದಿನಾಲ್ಕು! ಸಾಲಿ ದಾಖಲೇದಾಗ ಹದಿನೆಂಟು ಅಂತ ಐತಲ್ಲ?"

ತಾಯಿ ಮಾಸ್ತರರ ಕಡೆ ನೋಡಿದರು. "ಲಗ್ನಕ್ಕಂತ ನಮ್ಮಪ್ಪ ವಯಸ್ಸ ಹೆಚ್ಚ ಬರಸಾಕ ಸಾಲಿಗೆ ಬಂದಾಗ ನಾನೂ ಬಾಗಲದಾಗ ನಿಂತಿದ್ನಿರಿ. ನಾ ಇನ್ನೂ ಸಣ್ಣಾಕಿ ಅದೀನಿ, ಬರೀಬ್ಯಾಡ್ರಿ ಅಂದಿದ್ನಿ."

"ಹೌದವಾ. ಅಂದಿದ್ದಿ" ಎಂದರು ಮಾಸ್ತರರು.

ಆಗಷ್ಟೇ ನಕ್ಕಿದ್ದ ನನಗೆ ಆ ತಾಯಿಯ ಮುಖ ನೋಡಲಾಗಲಿಲ್ಲ.

ಮಾಸ್ತರರು ಈಗಿಲ್ಲ. ಇದನ್ನು ಕಂಡವರಲ್ಲಿ ನಾನಿದ್ದೇನೆ, ಮಗಳಿದ್ದಾಳೆ, ಗಜೇಂದ್ರಗಡಕ್ಕೆ ವರ್ಗವಾದ ಆ ಗುಮಾಸ್ತೆ ಇದ್ದಾರೆ. ಬೇಡ ಎಂದಿದ್ದ ಆ ತಾಯಿಯೂ ಇದ್ದಾರೆ.