ಅಪ್ಪ ಚರ್ಚಿನ ಬಾಗಿಲಿಗೆ ಅಡ್ಡ ನಿಂತ ವರ್ಷ

ತೊಂಬತ್ತರ ದಶಕದ ನಡುವೆ ನಾನು ಕಲಬುರಗಿಯ ಖೂಬಾ ಪ್ಲಾಟಿನಲ್ಲಿ, ಗಂಡನ ಮನೆಯಲ್ಲಿದ್ದೆ. ನಮ್ಮ ಚರ್ಚಿನವರೇ ನಡೆಸುತ್ತಿದ್ದ ಶಾಲೆಯಲ್ಲಿ ಸಣ್ಣ ಮಕ್ಕಳಿಗೆ ಪಾಠ ಹೇಳುತ್ತಿದ್ದೆ. ತವರು ಕಮಲಾಪುರ. ಅಪ್ಪ ಅಲ್ಲಿನ ಪುಟ್ಟ ಚರ್ಚಿನ ಉಪದೇಶಿ. ಕಲಬುರಗಿಯಿಂದ ಗುರುಗಳು ಬಂದು ಪೂಜೆ ಮಾಡುವುದು ಆಗೊಮ್ಮೆ ಈಗೊಮ್ಮೆ. ಉಳಿದ ಭಾನುವಾರಗಳಲ್ಲಿ ಜಪ ಹೇಳಿಸುವವನು, ಮಕ್ಕಳಿಗೆ ಧರ್ಮಪಾಠ ಕಲಿಸುವವನು, ಸಾವಾದ ಮನೆಗೆ ಎಲ್ಲರಿಗಿಂತ ಮೊದಲು ಹೋಗುವವನು ಅಪ್ಪನೇ. ತಂಗಿ ಚರ್ಚಿಗೆ ಹೊಂದಿಕೊಂಡ ಕೋಣೆಯಲ್ಲಿ ಊರ ಹೆಂಗಸರಿಗೆ ಹೊಲಿಗೆ ಕಲಿಸುತ್ತಿದ್ದಳು. ಅವಳಿಗೆ ಆಗ ಇಪ್ಪತ್ತೆರಡೋ ಇಪ್ಪತ್ಮೂರೋ.

ಈಸ್ಟರ್ ಹಬ್ಬಕ್ಕೆ ಮುಂಚಿನ ತಪಸ್ಸು ಕಾಲದ ಒಂದು ಶನಿವಾರ ಹೇಳದೆ ಕೇಳದೆ ಅವಳು ನಮ್ಮ ಮನೆಗೆ ಬಂದಳು. ಅಡುಗೆಮನೆಯಲ್ಲಿ ನನ್ನ ಜೊತೆ ರೊಟ್ಟಿ ಬಡಿಯಲು ಕೂತವಳು ಹಿಟ್ಟು ಮುಟ್ಟಲಿಲ್ಲ.

"ಅಕ್ಕಾ, ನಾ ಇನ್ನ ಹೊಲಿಗಿ ಕಲಸಾಕ ಹೋಗಂಗಿಲ್ಲ."

"ಯಾಕ? ಏನಾತು?"

"ಫಾದರ್ ಒಳಗ ಬಂದು ಬಾಗಲಾ ಹಾಕಿದ್ರು. ಕೈ ಹಿಡದ್ರು. ಬಿಡ್ರಿ ಅಂದ್ರ ಬಿಡ್ಲಿಲ್ಲ. ಮಷೀನ್ ಅವ್ರ ಮೈಮ್ಯಾಲ ದೂಡಿ ಓಡಿ ಬಂದೀನಿ." ಹಿಟ್ಟಿನ ತಟ್ಟೆ ಆಚೆ ಸರಿಸಿ ಹೇಳಿದಳು: "ಇದು ಮೊದಲ್ನೇ ಸಲ ಅಲ್ಲಕ್ಕಾ."

ನನಗೆ ಮೊದಲು ಬಂದದ್ದು ಸಿಟ್ಟಲ್ಲ, ಹೆದರಿಕೆ. ಆ ಗುರುಗಳು ಅಂಥಿಂಥವರಾಗಿರಲಿಲ್ಲ. ಕಮಲಾಪುರದ ನಮ್ಮ ಓಣಿಗೆ ಬೋರ್‌ವೆಲ್ ತೋಡಿಸಿದವರು ಅವರು. ಎಷ್ಟೋ ಹುಡುಗರಿಗೆ ಕಪನೂರಿನ ಕಾರ್ಖಾನೆಗಳಲ್ಲಿ ಕೆಲಸ ಕೊಡಿಸಿದವರು. ನನ್ನ ಮೈದುನನೂ ಅವರಲ್ಲೊಬ್ಬ. ಗಂಡನಿಗೆ ಹೇಳಿದಾಗ ಅವರು ಕದ ಹಾಕಿ ಬಂದು ಸಣ್ಣ ದನಿಯಲ್ಲಿ ಅಂದರು:

"ಈ ಮಾತು ಇಲ್ಲಿಗೇ ಬಿಡು. ಅವ್ರು ಇರ್ಲಿಲ್ಲಂದ್ರ ನನ್ನ ತಮ್ಮಗ ನೌಕರಿ ಯಾರು ಕೊಡ್ತಿದ್ರು?"

"ನನ್ನ ತಂಗಿ ಸುಳ್ಳ ಹೇಳ್ತಾಳೇನ್ರೀ?"

"ಸುಳ್ಳಂತ ನಾ ಎಲ್ಲಿ ಅಂದೆ? ಸುಮ್ಮನಿರು ಅಂದೆ."

ಆ ರಾತ್ರಿಯಿಂದ ನಮ್ಮಿಬ್ಬರ ನಡುವೆ ಅಡುಗೆ, ಮಗಳ ಶಾಲೆ, ಅತ್ತೆಯ ಗುಳಿಗೆ, ಇಷ್ಟೇ ಮಾತು ಉಳಿದವು.

ಅಪ್ಪನಿಗೆ ತಂಗಿಯೇ ಹೇಳಿದಳು. ಮುಂದಿನ ಭಾನುವಾರ ಗುರುಗಳು ಪೂಜೆಗೆಂದು ಜೀಪಿನಿಂದ ಇಳಿದಾಗ ಚರ್ಚಿನ ಬಾಗಿಲು ಹಾಕಿತ್ತು, ಅದರ ಮುಂದೆ ಅಪ್ಪ ನಿಂತಿದ್ದ. ತವರಿಗೆ ಹೋಗಿದ್ದ ನಾನೂ ಅಲ್ಲಿದ್ದೆ. ಜೀವಮಾನವಿಡೀ ಗುರುಗಳ ಮುಂದೆ ಕೈಕಟ್ಟಿಕೊಂಡೇ ನಿಂತವನು ಅಂದು ಕೈ ಕಟ್ಟಿರಲಿಲ್ಲ.

"ಇವತ್ತ ಪೂಜಿ ಇಲ್ರೀ ಫಾದರ್. ನನ್ನ ಮಗಳಿಗೆ ಏನ್ ಮಾಡೀರಿ ಅಂತ ಮೊದಲ ಹೇಳ್ರಿ, ಆಮ್ಯಾಲ ಒಳಗ ಹೋಗ್ರಿ."

ಗುರುಗಳು ಸುತ್ತ ನಿಂತವರತ್ತ ತಿರುಗಿ ನಕ್ಕರು. "ಉಪದೇಶಿಗೆ ಆರಾಮ ಇಲ್ಲಂತ ಕಾಣ್ತದ. ಪ್ರಾರ್ಥನಾ ಮಾಡ್ರಿ," ಅಂದವರೇ ಅಂಗಳದಲ್ಲೇ ಒಂದು ಮೇಜು ತರಿಸಿ ಪೂಜೆ ಶುರು ಮಾಡಿದರು. ಓಣಿಯ ಅರ್ಧ ಜನ ಮೇಜಿನ ಮುಂದೆ ಮೊಣಕಾಲೂರಿದರು. ಇನ್ನರ್ಧ ಜನ ಮನೆಗೆ ನಡೆದರು. ನಮ್ಮ ಸ್ವಂತ ಚಿಕ್ಕಪ್ಪ ಮೊಣಕಾಲೂರಿದವರಲ್ಲಿದ್ದ. ಅವನ ಹೆಂಡತಿ ಮನೆಗೆ ನಡೆದವರಲ್ಲಿದ್ದಳು. ಅಂದು ಎರಡಾದ ನಮ್ಮ ಜನ ಮತ್ತೆ ಒಂದಾದದ್ದನ್ನು ನಾನು ಕಂಡಿಲ್ಲ.

ಕಲಬುರಗಿಯಲ್ಲೂ ಸುದ್ದಿ ಹಬ್ಬಿತು. ಪೂಜೆಯ ನಡುವೆ ಒಬ್ಬರಿಗೊಬ್ಬರು ಕೈಮುಗಿದು ಶಾಂತಿ ಕೋರುವ ಗಳಿಗೆಯೊಂದು ಬರುತ್ತದೆ. ನನ್ನ ಮುಂದಿನ ಬೆಂಚಿನವರು ಎಡಕ್ಕೆ ತಿರುಗಿ ಮುಗಿದರು, ಬಲಕ್ಕೆ ತಿರುಗಿ ಮುಗಿದರು, ಹಿಂದೆ ಮಾತ್ರ ತಿರುಗಲಿಲ್ಲ. "ಅಷ್ಟ ಮಂದಿ ಹೆಂಗಸರು ಇರ್ತಾರ, ಇಕಿ ಒಬ್ಬಾಕಿನ ಯಾಕ ಹೇಳ್ತಾಳ?" ಎಂಬುದು ಎಲ್ಲರ ಬಾಯಲ್ಲೂ ಇದ್ದ ಪ್ರಶ್ನೆ. ಶಾಲೆಯ ಮುಖ್ಯಸ್ಥೆಯಾಗಿದ್ದ ದೊಡ್ಡ ಸಿಸ್ಟರ್ ಒಮ್ಮೆ ನನ್ನನ್ನು ಕರೆದು ಕೂರಿಸಿದರು. "ನಿಮ್ಮ ತಂಗಿ ಮಾತು ನಾ ನಂಬ್ತೀನಿ ಟೀಚರ್. ಆದ್ರ ನಾನೂ ಮ್ಯಾಲಿನವ್ರು ಹೇಳ್ದಂಗ ಕೇಳೋಳು. ತಪ್ಪು ತಿಳ್ಕೊಂಡೆ ಅಂತ ಆಕಿ ಒಂದ್ ಮಾತು ಅಂದ್ರ ನಿಮ್ಮ ನೌಕರಿ ಉಳೀತದ," ಅಂದರು. ಬೆದರಿಕೆಯನ್ನು ಅಷ್ಟು ಮೆತ್ತಗೆ ಹೇಳಿದವರನ್ನು ನಾನು ಆಮೇಲೂ ನೋಡಿಲ್ಲ. ಅವರ ಕಣ್ಣಲ್ಲಿ ನೀರಿತ್ತು. ನಾನು ತಂಗಿಗೆ ಆ ಮಾತು ಮುಟ್ಟಿಸಲೇ ಇಲ್ಲ.

ಬಿಟ್ಟು ಹೋಗೋಣವೆಂದರೆ ಎಲ್ಲಿಗೆ? ನನ್ನ ಸಂಬಳ ಆ ಚರ್ಚಿನದು, ಮಗಳ ಶಾಲೆ ಆ ಚರ್ಚಿನದು, ಗಂಡ ಆ ಚರ್ಚಿನ ಸಮಿತಿಯವರು. ಸತ್ತರೆ ಹೂಳುವ ಮಣ್ಣೂ ಅದರದೇ. ಊರಿನ ಉಳಿದವರಿಗೆ ನಾವೆಲ್ಲ ಒಂದೇ, "ಚರ್ಚಿನ ಮಂದಿ". ಅವರ ಮುಂದೆ ಬಾಯಿ ಬಿಟ್ಟರೆ ಅಪ್ಪನ ಮಾನವೂ ಹೋಗುತ್ತದೆ ಅನ್ನಿಸುತ್ತಿತ್ತು.

ಅಂಥ ದಿನಗಳಲ್ಲಿ ಸಮಿತಿಯ ಮುಖ್ಯಸ್ಥರ ಹೆಂಡತಿ ನನ್ನನ್ನು ಕೋಟೆಯ ಹತ್ತಿರ ಬರಹೇಳಿದರು. ಭಾನುವಾರ ಎಲ್ಲರಿಗಿಂತ ಗಟ್ಟಿಯಾಗಿ ಹಾಡುತ್ತಿದ್ದ ಹೆಂಗಸು. ನಮ್ಮವರು ಯಾರೂ ಓಡಾಡದ ಜಾಗವೆಂದು ಕೋಟೆ ಆರಿಸಿದ್ದರು. ಕಂದಕದ ಪಕ್ಕ ನಡೆಯುತ್ತ ನಡೆಯುತ್ತ ಅಂದರು:

"ಟೀಚರ್, ನಿಮ್ಮ ತಂಗಿ ಹೇಳೋದು ಖರೇ ಅದ. ನನ್ನ ಕೈನೂ ಹಿಡದಾರ ಅವ್ರು."

ನಾನು ನಿಂತುಬಿಟ್ಟೆ. "ಹಂಗಾದ್ರ ಹೇಳ್ರಿ ಅಕ್ಕೋರ! ಒಬ್ಬಾಕಿನ ಹೇಳ್ತಾಳ ಅಂತ ಎಲ್ಲಾರು ಅನ್ನಾಕತ್ತಾರ."

"ನಮ್ಮನಿಯವರಿಗೆ ತಿಳದ್ರ ನನ್ನ ಕಥಿ ಮುಗೀತು. ನಿಮ್ಮ ಎದಿ ಹಗರ ಆಗ್ಲಿ ಅಂತ ಹೇಳೀನಿ. ಮರಿಯಮ್ಮನ ಆಣಿ, ಯಾರ ಮುಂದೂ ಅನಬ್ಯಾಡ್ರಿ."

ನನ್ನ ಎದೆ ಹಗುರಾಗಲಿಲ್ಲ. ಅವರ ಭಾರವೂ ನನ್ನ ಮೇಲೆ ಬಂತು. ಮನೆಯಲ್ಲಿ, ಶಾಲೆಯಲ್ಲಿ, ನೀರಿನ ನಳದ ಹತ್ತಿರ ಅದೇ ಪ್ರಶ್ನೆ ಕಿವಿಗೆ ಬೀಳುವಾಗ ಉತ್ತರ ನನ್ನ ನಾಲಿಗೆ ತುದಿಯಲ್ಲಿರುತ್ತಿತ್ತು. ನುಂಗುತ್ತಿದ್ದೆ. ಅದು ನನ್ನ ಗುಟ್ಟಲ್ಲ. ಆಡಿದರೆ ಮುರಿಯುವುದು ಇನ್ನೊಬ್ಬಳ ಸಂಸಾರ.

ಮಳೆಗಾಲ ಮುಗಿಯುವ ಹೊತ್ತಿಗೆ ವಿಚಾರಿಸಲೆಂದು ಮೇಲಿನವರು ಕಳಿಸಿದ ಹಿರಿಯ ಗುರುಗಳೊಬ್ಬರು ಬಂದರು. ಶಾಲೆಯ ದೊಡ್ಡ ಕೋಣೆಯಲ್ಲಿ ಸಭೆ. ಒಂದು ಬದಿಗೆ ಫಾದರ್ ಕಡೆಯವರು, ಇನ್ನೊಂದು ಬದಿಗೆ ನಾವು. ನನ್ನ ಗಂಡ ಅತ್ತ ಕೂತರು, ನಾನು ಇತ್ತ. ತಂಗಿ ಎದ್ದು ನಿಂತು ನಡೆದದ್ದನ್ನು ನಡೆದಂತೆ ಹೇಳಿದಳು. ಯಾರೋ ಕೆಮ್ಮಿದರು, ಯಾರೋ ನಕ್ಕರು. ಅಪ್ಪ ನೆಲ ನೋಡುತ್ತ ಕೂತಿದ್ದ.

"ಇವರ ಮಾತಿಗೆ ಸಾಕ್ಷಿ ಯಾರಾದರೂ ಇದ್ದೀರಾ?" ಎಂದು ಹಿರಿಯರು ಕೇಳಿದರು.

ನಾನು ಅತ್ತ ಕಡೆಯ ಬೆಂಚಿನತ್ತ ನೋಡಬಾರದೆಂದು ಹಟ ಹಿಡಿದು ಗೋಡೆ ನೋಡುತ್ತಿದ್ದೆ. ಬೆಂಚು ಕಿರುಗುಟ್ಟಿತು. ಆ ಅಕ್ಕೋರು ಎದ್ದಿದ್ದರು.

"ನನಗೂ ಹಂಗ ಮಾಡ್ಯಾರ," ಅಂದರು. "ಆ ಹುಡುಗಿ ಒಬ್ಬಾಕಿ ಅಲ್ಲ."

ಹಾಡುವ ದನಿಯಲ್ಲ ಅದು, ಆದರೆ ಕೊನೆಯ ಬೆಂಚಿಗೂ ಕೇಳಿಸಿತು. ಅವರ ಗಂಡ ಸಮಿತಿಯ ಕುರ್ಚಿಯಿಂದ ಎದ್ದು ಯಾರತ್ತಲೂ ನೋಡದೆ ಹೊರಗೆ ಹೋದರು. ಅಂಗಳದಲ್ಲಿ ಸ್ಕೂಟರ್ ಶುರುವಾಯಿತು, ಆದರೆ ಮುಂದೆ ಹೋಗಲಿಲ್ಲ. ಕಾಯುತ್ತಿತ್ತು. ತಂಗಿ ಓಡಿಹೋಗಿ ಅವರ ಕೈ ಹಿಡಿದು, "ನಮ್ಮನಿಗಿ ಬರ್ರಿ ಅಕ್ಕೋರ," ಅಂದಳು. ಅವರು ಬೇಡವೆಂದು ತಲೆಯಾಡಿಸಿದರು. "ಮಕ್ಕಳು ಮನ್ಯಾಗ ಅದಾರವ್ವಾ," ಅಂದವರು ಸೆರಗು ಸರಿ ಮಾಡಿಕೊಂಡು ಹೊರಗೆ ನಡೆದು, ಅದೇ ಸ್ಕೂಟರಿನ ಹಿಂದೆ ಕೂತು ಹೋದರು.

ಎರಡು ಬಾಯಿಂದ ಬಂದರೆ ಸತ್ಯ ಗೆಲ್ಲುತ್ತದೆ ಅಂದುಕೊಂಡಿದ್ದೆ. "ಇಬ್ರೂ ಕೂಡಿ ಮಸಲತ್ತು ಮಾಡ್ಯಾರ" ಅಂದರು ಅತ್ತ ಕಡೆಯವರು. ಗುರುಗಳಿಗೆ ವರ್ಗವಾಯಿತು, ಯಾಕೆಂದು ಯಾರೂ ಹೇಳಲಿಲ್ಲ. ಅರ್ಧ ಜನ ಕೂಡಿ ಮಾಲೆ ಹಾಕಿ ಬೀಳ್ಕೊಟ್ಟರು. ನನ್ನ ಮೈದುನ ಅಳುತ್ತಿದ್ದ. ಆ ಅಳುವೂ ಸುಳ್ಳಲ್ಲ. ಅಕ್ಕೋರು ಆಮೇಲೆ ಚರ್ಚಿಗೆ ಬರಲಿಲ್ಲ. ಕೆಲವು ತಿಂಗಳಲ್ಲಿ ಆ ಮನೆಗೆ ಬೀಗ ಬಿತ್ತು. ಯಾವ ಊರಿಗೆ ಹೋದರೆಂದು ಇಂದಿಗೂ ನನಗೆ ಗೊತ್ತಿಲ್ಲ.

ಹೊಸ ಗುರುಗಳು ಒಳ್ಳೆಯವರು. ಬಾಗಿಲಿಗೆ ಅಡ್ಡ ನಿಂತ ದಿನವೇ ಬಿಟ್ಟಿದ್ದ ಉಪದೇಶಿಯ ಕೆಲಸ ಮತ್ತೆ ಹಿಡಿಯಲು ಅಪ್ಪನನ್ನು ಕರೆದರು. ಅಪ್ಪ ಒಪ್ಪಲಿಲ್ಲ. "ನಾ ಜಪ ಹೇಳ್ಸಿದ್ರ ಅರ್ಧ ಮಂದಿ ಬರಂಗಿಲ್ರೀ. ಅವ್ರೂ ನಾ ಕಲ್ಸಿದ ಮಕ್ಕಳೇ," ಅಂದ. ಸಾಯುವವರೆಗೂ ಹಿಂದಿನ ಸಾಲಿನಲ್ಲಿ ಕೂತು ಬಂದ. ನನ್ನ ನೌಕರಿ ಹೋಗಲಿಲ್ಲ. ತಂಗಿ ಕಪನೂರಿನಲ್ಲಿ ಬಟ್ಟೆ ಹೊಲಿಯುವ ಕಾರ್ಖಾನೆ ಸೇರಿದಳು, ಮೆಚ್ಚಿದವನನ್ನು ಕೋರ್ಟಿನಲ್ಲಿ ಮದುವೆಯಾದಳು. ಕ್ರಿಸ್‌ಮಸ್ಸಿಗೆ ಮನೆಗೆ ಬರುತ್ತಾಳೆ, ಉಂಡು ಹೋಗುತ್ತಾಳೆ. ಚರ್ಚಿನ ಮೆಟ್ಟಿಲು ಹತ್ತಿಲ್ಲ. ನಾನೂ ಕರೆದಿಲ್ಲ.

ಅದಾಗಿ ಎರಡು ಮೂರು ವರ್ಷಕ್ಕೆ ನನ್ನ ಮಗಳು ಧರ್ಮಪಾಠಕ್ಕೆ ಹೋಗುವ ವಯಸ್ಸಿಗೆ ಬಂದಳು. ಕಳಿಸುವುದಿಲ್ಲವೆಂದರೆ ಮನೆಯಲ್ಲಿ ಜಗಳ, ಕಳಿಸಿದರೆ ನನ್ನ ಜೀವಕ್ಕೆ ಸಮಾಧಾನವಿಲ್ಲ. ಅವಳನ್ನು ಒಳಗೆ ಬಿಟ್ಟು ನಾನು ಹೊರಗಿನ ಮೆಟ್ಟಿಲ ಮೇಲೆ ಕೂತೆ. ಗುರುಗಳು ಬಂದು, "ಮನೆಗೆ ಹೋಗಿರಿ ಟೀಚರ್, ಮುಗಿದ ಮೇಲೆ ಕಳಿಸುತ್ತೇವೆ," ಅಂದರು.

"ಇರ್ಲಿ ಫಾದರ್. ಇಲ್ಲೇ ಕೂಡ್ತೀನಿ."

ಅವರು ಒಂದು ಕ್ಷಣ ನನ್ನನ್ನು ನೋಡಿ, ಕೋಣೆಯ ಬಾಗಿಲನ್ನು ಪೂರಾ ತೆರೆದಿಟ್ಟು ಒಳಗೆ ಹೋದರು. ಮುಂದಿನ ವಾರಗಳಲ್ಲಿ ಇನ್ನೂ ಕೆಲವು ತಾಯಂದಿರು ಬಂದು ಕೂತರು. ಮಾಲೆ ಹಾಕಿದವರ ಮನೆಯವರೂ ಇದ್ದರು. ಅವರು ಮೆಟ್ಟಿಲ ಆ ತುದಿಗೆ, ನಾವು ಈ ತುದಿಗೆ. ಬಿಸಿಲಿಗೆ ಸೆರಗು ತಲೆ ಮೇಲೆ ಎಳೆದುಕೊಂಡು, ಎಲ್ಲರೂ ಆ ಬಾಗಿಲನ್ನೇ ನೋಡುತ್ತ ಕೂತಿರುತ್ತಿದ್ದೆವು.