ರಸ್ತೆಗೆ ಕಾಣುವಷ್ಟು ಸುಣ್ಣ

ನಮ್ಮ ಚಿಕ್ಕಮ್ಮನ ಕೈಗುಣ ಸರಿಯಿಲ್ಲ ಎಂದು ಮೊದಲು ಬಾಯಿಬಿಟ್ಟವರು ಹೊರಗಿನವರಲ್ಲ. ಅವಳ ಗಂಡನ ಅಣ್ಣ, ಅಂದರೆ ನನ್ನ ದೊಡ್ಡಪ್ಪ. ಅದೂ ಮನೆಯೊಳಗಲ್ಲ, ತರಕಾರಿ ಮಾರುಕಟ್ಟೆಯಲ್ಲಿ, ನಾಲ್ಕು ಜನರೆದುರು. ನೆನೆಸಿಕೊಂಡರೆ ಈಗಲೂ ನನಗೆ ಮೈಯೆಲ್ಲ ಉರಿಯುತ್ತದೆ.

ಚಿಕ್ಕಮ್ಮನ ಕಸುಬು ಸಸಿ ಬೆಳೆಸುವುದು. ಮನೆಯ ಹಿಂದೆ ಹಸಿರು ಬಲೆ ಹೊದಿಸಿದ ಚಪ್ಪರ, ಅದರಡಿ ಕೋಸು, ಟೊಮೆಟೊ ಸಸಿಗಳ ಟ್ರೇಗಳು. ಲಾರಿ ಓಡಿಸುವ ಚಿಕ್ಕಪ್ಪ ಊರಿಗೆ ಬಂದಾಗಲೆಲ್ಲ, "ಆ ಸಸಿಗಳಿಗೆ ಆಗೋ ಉಪಚಾರದಲ್ಲಿ ಅರ್ಧ ನನಗಾಗಿದ್ರೆ ನಾನೂ ಚಿಗುರ್ತಿದ್ದೆ" ಎಂದು ರೇಗಿಸುತ್ತಾರೆ. ಸಸಿ ಕೊಂಡವರ ಹೊಲಕ್ಕೆ ಅವಳೇ ಹೋಗಿ ನಿಂತು ನಾಟಿ ಮಾಡಿಸುತ್ತಾಳೆ. ಕೊಟ್ಟು ಕೈತೊಳೆದುಕೊಳ್ಳುವ ಜಾತಿಯಲ್ಲ.

ದೊಡ್ಡಪ್ಪನ ಹೊಲ ರಸ್ತೆ ಪಕ್ಕದಲ್ಲಿದೆ. ಹೋದ ವರ್ಷ ಅಲ್ಲಿ ಸೋಯಾ ಬೆಳೆದು, ಹೊಲಕ್ಕೆಲ್ಲ ಕಳೆ ಔಷಧಿ ಹೊಡೆದಿದ್ದರು. ಈ ವರ್ಷ ಚಿಕ್ಕಮ್ಮನ ಕೋಸು. ರಸ್ತೆ ಕಡೆಯ ಅರ್ಧ ನಳನಳಿಸಿತು. ಹಿಂದಿನ ಅರ್ಧದಲ್ಲಿ ಸುಳಿ ಹಳದಿಯಾಗಿ ಗಿಡಗಳು ಕುಂಟಿಕೊಂಡು ನಿಂತವು. ಕಿತ್ತು ನೋಡಿದರೆ ಬೇರುಗಳೆಲ್ಲ ಮೊಂಡು.

"ಒಳ್ಳೇದನ್ನೆಲ್ಲ ಹೋಗೋ ಬರೋರಿಗೆ ಕಾಣೋ ಹಾಗೆ ಮುಂದೆ ನೆಟ್ಟು, ಕೊಳೆತಿದ್ದನ್ನ ಹಿಂದಕ್ಕೆ ತಳ್ಳಿದ್ದಾಳೆ. ಇವಳ ಕೈಗುಣನೇ ಸರಿ ಇಲ್ಲ," ಎಂದು ದೊಡ್ಡಪ್ಪ ಮಾರುಕಟ್ಟೆಯಲ್ಲಿ ಗಂಟಲು ಹರಿಯುವಂತೆ ಹೇಳಿದ್ದು ಆಗಲೇ. ಸ್ವಂತ ತಮ್ಮನ ಹೆಂಡತಿ ಬಗ್ಗೆ!

ಸುದ್ದಿ ಹಬ್ಬಲು ಎಷ್ಟು ಹೊತ್ತು? ಸಸಿ ಬೇಕೆಂದು ಹೇಳಿಟ್ಟವರೆಲ್ಲ ಒಬ್ಬೊಬ್ಬರಾಗಿ ಕೈಕೊಟ್ಟರು. ಸಸಿ ಯಾರಿಗೂ ಕಾಯುವುದಿಲ್ಲ. ಬಲಿತುಹೋದ ಸಸಿಗಳನ್ನು ಗೊಬ್ಬರದ ಗುಂಡಿಗೆ ಸುರಿಯುವಾಗ ಚಿಕ್ಕಮ್ಮ ಕಣ್ಣೀರು ಹಾಕಲಿಲ್ಲ, ಹಲ್ಲು ಕಚ್ಚಿಕೊಂಡಿದ್ದಳು. ಅತ್ತಿದ್ದು ನಾನು.

ಮಾರನೆಯ ದಿನ ಅವಳು ಹೊಲದ ಹಿಂದಿನ ಮಣ್ಣು ಒಂದು ಬಕೆಟ್, ಮುಂದಿನದು ಒಂದು ಬಕೆಟ್ ತುಂಬಿಸಿಕೊಂಡು ಕೃಷಿ ಕಚೇರಿಗೆ ಹೋದಳು. ಇನ್ನೂ ಎಳೆಯದಾಗಿ ಉಳಿದಿದ್ದ ಒಂದೇ ಟ್ರೇಯ ಕೋಸಿನ ಸಸಿಗಳನ್ನೂ ಒಯ್ದಿದ್ದಳು. ಅಲ್ಲಿನ ಮಣ್ಣು ಪರೀಕ್ಷೆ ಮೇಡಂ ಎರಡೂ ಮಣ್ಣನ್ನು ಬೇರೆ ಬೇರೆ ಕುಂಡಕ್ಕೆ ತುಂಬಿ, ಆ ಸಸಿಗಳನ್ನೇ ನೆಟ್ಟರು. ಸ್ವಲ್ಪ ದಿನಕ್ಕೇ ಹಿಂದಿನ ಮಣ್ಣಿನವು ಹಳದಿಯಾದವು. ಮುಂದಿನವು ನೆಟ್ಟಗಿದ್ದವು.

ಮೇಡಂ ದೊಡ್ಡಪ್ಪನನ್ನೂ ಕರೆಸಿ ಬಿಡಿಸಿ ಹೇಳಿದರು. "ಹಿಂದಿನ ಮಣ್ಣು ತುಂಬಾ ಹುಳಿ ಇದೆ. ಹೋದ ವರ್ಷ ನೀವು ಹೊಡೆದಿರೋ ಕಳೆ ಔಷಧಿ ಹುಳಿ ಮಣ್ಣಿಗೆ ಅಂಟ್ಕೊಂಡುಬಿಡುತ್ತೆ. ಮಣ್ಣಲ್ಲಿರೋ ಸೂಕ್ಷ್ಮಜೀವಿಗಳಿಗೆ ಅದನ್ನ ತಿಂದು ಮುಗಿಸೋಕೆ ಆಗಲ್ಲ, ಮುಂದಿನ ಬೆಳೆವರೆಗೂ ಉಳಿಯುತ್ತೆ. ಸೋಯಾ ತಡ್ಕೊಳ್ಳುತ್ತೆ, ಕೋಸು ತಡ್ಕೊಳ್ಳಲ್ಲ. ಎಲ್ಲಾ ಔಷಧಿನೂ ಹೀಗಲ್ಲ, ಕೆಲವು ಇದಕ್ಕೆ ಉಲ್ಟಾ. ಅದಿರ್ಲಿ, ಮುಂದಿನ ಅರ್ಧ ಯಾಕೆ ಹುಳಿ ಇಲ್ಲ? ಹುಳಿ ತೆಗೆಯೋಕೆ ಸುಣ್ಣ ಹಾಕಿದ್ರಾ?"

ದೊಡ್ಡಪ್ಪ ತಲೆ ಕೆರೆದುಕೊಂಡರು. "ಸೋಯಾ ಬಿತ್ತೋ ಮುಂಚೆ ಹಾಕಿದ್ದೆ. ರಸ್ತೆಗೆ ಕಾಣೋ ಕಡೆ ಮಾತ್ರ. ಅಲ್ಲಿ ಬೆಳೆ ಚೆನ್ನಾಗಿದ್ರೆ ನೋಡೋರಿಗೂ ಚೆಂದ ಅಂತ…"

ನೋಡಿ, ಯಾವ ಕಳ್ಳಾಟವನ್ನು ಅವಳ ತಲೆಗೆ ಕಟ್ಟಿದ್ದರೋ ಅದನ್ನು ತಾವೇ ಆಡಿದ್ದರು! ಅಷ್ಟಾದರೂ ಕಚೇರಿಯ ಮೆಟ್ಟಿಲಿಳಿಯುತ್ತಾ, "ಆಗಿದ್ದಾಯ್ತು ಬಿಡಮ್ಮ, ಮನೆ ಮಾತು ಮನೇಲಿರ್ಲಿ" ಎಂದರು. ಮನೆ ಮಾತಂತೆ! ಮಾರುಕಟ್ಟೆಗೆ ಹೊತ್ತುಕೊಂಡು ಹೋದವರು ಯಾರು?

ಚಿಕ್ಕಮ್ಮ ಸೀದಾ ಮಾರುಕಟ್ಟೆಯ ಕಡೆ ನಡೆದಳು. ದೊಡ್ಡಪ್ಪ ವಿಧಿಯಿಲ್ಲದೆ ಹಿಂದೆ ಬಂದರು. ಅಲ್ಲಿದ್ದವರ ಮುಂದೆ ಗಂಟಲು ಸರಿಮಾಡಿಕೊಂಡು, "ಯಾರದ್ದೂ ತಪ್ಪಿಲ್ಲ ಕಣ್ರಪ್ಪ, ಎಲ್ಲಾ ಆ ಮಣ್ಣಿಂದು" ಎಂದರು.

"ನನಗೆ ಬಾಯಿದೆ ಅಂತ ಗೊತ್ತಾದ ಕೂಡಲೇ ಬಾಯಿಲ್ಲದ ಮಣ್ಣಿನ ಮೇಲೆ ಹಾಕ್ತಿದ್ದೀರಾ ಭಾವ?" ಎಂದಳು ಚಿಕ್ಕಮ್ಮ. "ಸುಣ್ಣ ಎಲ್ಲಿವರೆಗೆ ಹಾಕಿದ್ರಿ, ಹೇಳಿ."

ದೊಡ್ಡಪ್ಪ ನೆಲ ನೋಡುತ್ತಾ ಏನೋ ಗೊಣಗಿದರು. ತಕ್ಕಡಿಯವನು ತೂಗುವುದನ್ನು ನಿಲ್ಲಿಸಿ ಕಿವಿಗೊಟ್ಟ.

"ಅವತ್ತು ಇಷ್ಟು ಮೆಲ್ಲಗೆ ಹೇಳಿರಲಿಲ್ಲವಲ್ಲ ಭಾವ," ಎಂದಳು ಚಿಕ್ಕಮ್ಮ. "ಅವತ್ತಿನ ಗಂಟಲಲ್ಲೇ ಹೇಳಿ."