ಎಲ್ಲಿಗೆ ಎಂದು ಕೇಳಿದ ದೊಡ್ಡಪ್ಪ

ನಮ್ಮ ಮನೆಯವರಿಗೆ ಸಾವಿಗಿಂತ ಸೋಲಿನ ಭಯ ಹೆಚ್ಚು. ಯಾರಾದರೂ ಸತ್ತರೆ ಊರಿನವರು ಬಂದು ಅತ್ತು ಹೋಗುತ್ತಿದ್ದರು. ಫೇಲಾದರೆ ಬಂದು ನಕ್ಕು ಹೋಗುತ್ತಿದ್ದರು. ಅದಕ್ಕೇ ನಮ್ಮಲ್ಲಿ ಯಾರೂ ಹೊಸದೇನನ್ನೂ ಮಾಡಲು ಹೋಗುತ್ತಿರಲಿಲ್ಲ, ಹೋಗುವವರನ್ನು ಬಿಡುತ್ತಲೂ ಇರಲಿಲ್ಲ. ಈ ಹೇಡಿತನಕ್ಕೆ ಮರ್ಯಾದೆ ಎಂದು ಹೆಸರು ಬೇರೆ.

ಬಂಗಾರಪೇಟೆಗೆ ನಡೆದು ಹೋಗುವಷ್ಟು ದೂರದ ಊರು ನಮ್ಮದು. ಐವತ್ತರ ದಶಕದ ಕೊನೆ. ಅಕ್ಕ ಎಸ್ಸೆಸ್ಸೆಲ್ಸಿ ಪಾಸಾಗಿ, ಚಿನ್ನದ ಗಣಿಯ ಉರಿಗಾಂ ಕಡೆ ಒಂದು ಆಸ್ಪತ್ರೆಯಲ್ಲಿ ನರ್ಸ್ ತರಬೇತಿಗೆ ಅರ್ಜಿ ಹಾಕಿದ್ದಳು. ಸಂದರ್ಶನಕ್ಕೆ ಕರೆಯೂ ಬಂತು. ಗಂಡು ಆಗಲೇ ಗೊತ್ತಾಗಿತ್ತು. ಸೀಟು ಸಿಕ್ಕರೆ ಮದುವೆ ಮುಂದಕ್ಕೆ, ಸಿಗದಿದ್ದರೆ ಬಾಯಿ ಮುಚ್ಚಿಕೊಂಡು ತಾಳಿ ಕಟ್ಟಿಸಿಕೊಳ್ಳುವುದು ಎಂದು ಅಪ್ಪನ ಹತ್ತಿರ ಅತ್ತೂ ಕರೆದೂ ಒಪ್ಪಿಗೆ ಪಡೆದಿದ್ದಳು.

ಮನೆಯಿಂದ ಹೊರಟವರನ್ನು ‘ಎಲ್ಲಿಗೆ’ ಎಂದು ನಮ್ಮ ಕಡೆ ಕೇಳಬಾರದು. ಕೇಳಿದರೆ ಹೋದ ಕೆಲಸ ಕೆಡುತ್ತದಂತೆ. ಬಾಯಿತಪ್ಪಿ ಕೇಳಿಬಿಟ್ಟರೆ ಹೊರಟವರು ಒಳಗೆ ಬಂದು, ಕೂತು, ನೀರು ಕುಡಿದು ಮತ್ತೆ ಹೊರಡಬೇಕು. ಇದು ಊರಿಗೆಲ್ಲ ಗೊತ್ತು. ಸಂದರ್ಶನದ ದಿನ ಬೆಳಿಗ್ಗೆ ಜಗಲಿಯ ಮೇಲೆ ಕೂತಿದ್ದ ದೊಡ್ಡಪ್ಪನಿಗೆ ಇನ್ನೂ ಚೆನ್ನಾಗಿ ಗೊತ್ತು.

ಅಕ್ಕ ರೈಲಿಗೆಂದು ಹೊಸಿಲು ದಾಟಿದಳು.

“ಎಲ್ಗಮ್ಮಾ ಒಂಟೆ?” ಎಂದರು ದೊಡ್ಡಪ್ಪ.

ಅಮ್ಮ ಅವಳ ಕೈ ಹಿಡಿದು ಒಳಗೆ ಎಳೆದುಕೊಂಡಳು. ಅಕ್ಕ ಕೂತಳು, ನೀರು ಕುಡಿದಳು, ಎದ್ದು ಮತ್ತೆ ಹೊರಟಳು.

“ಎಲ್ಗೆ ಅಂತ ಯೋಳ್ಲೇ ಇಲ್ವಲ್ಲಮ್ಮಾ?”

ಈ ಸಲ ಅವರು ಮೀಸೆಯೊಳಗೇ ನಗುತ್ತಿದ್ದರು. ಆ ಬಾಯಿಗೆ ಸಗಣಿ ಮೆತ್ತಬೇಕು ಎನಿಸಿತು ನನಗೆ. ಈಗಲೂ ಎನಿಸುತ್ತದೆ. ಅಕ್ಕ ನಿಲ್ಲದೆ ಹೋಗುವುದರಲ್ಲಿದ್ದಳು. ಅಮ್ಮ ಅಡ್ಡ ಬಂದು ಅಳಲು ಶುರುಮಾಡಿದಳು: “ಬ್ಯಾಡ ಕಣಮ್ಮಾ, ಎಲ್ಡು ಸಲ ಅಪಶಕುನ ಆಗದೆ. ಇಂಗೇ ಓದ್ರೆ ಪೇಲಾಗ್ತೀಯ. ಒಂದ್ ಗಳಿಗೆ ಕೂತ್ಕೊ.”

ಕೂತಳು. ಆ ಗಳಿಗೆಯಲ್ಲಿ ರೈಲು ಹೋಯಿತು. ಮುಂದಿನ ರೈಲು ಹಿಡಿದು ಅವಳು ಆಸ್ಪತ್ರೆ ಮುಟ್ಟುವಷ್ಟರಲ್ಲಿ ಸಂದರ್ಶನ ಮುಗಿದು, ಕೋಣೆಗೆ ಬೀಗ ಬಿದ್ದಿತ್ತು. ಅಲ್ಲಿದ್ದ ಜವಾನ ತಮಿಳಿನಲ್ಲಿ ಏನೋ ಸಮಾಧಾನ ಹೇಳಿ ಕಳಿಸಿದನಂತೆ.

ಸಂಜೆ ಊಟಕ್ಕೆ ಕೂತಾಗ ಮನೆಯಲ್ಲಿ ಎಲ್ಲರ ಮುಖವೂ ಹಗುರಾಗಿತ್ತು. ನನಗೆ ಅಸಹ್ಯವಾದದ್ದು ಅದೇ. ಒಬ್ಬರಿಗೂ ಅಯ್ಯೋ ಎನಿಸಲಿಲ್ಲ.

“ಎಲ್ಲಾ ಒಳ್ಳೇದ್ಕೇ ಆಯ್ತು,” ಎಂದರು ದೊಡ್ಡಪ್ಪ ಮುದ್ದೆ ಮುರಿಯುತ್ತ. “ಓಗಿ ಪೇಲಾಗಿ ಬಂದಿದ್ರೆ ಊರ್ನಾಗೆ ತಲೆ ಎತ್ಕೊಂಡು ತಿರುಗೋಕಾಯ್ತಿತ್ತಾ?”

ಸಾರು ಬಡಿಸುತ್ತಿದ್ದ ಅಕ್ಕ ಸೌಟು ಕೆಳಗಿಟ್ಟಳು.

“ಪೇಲಾಗಿದ್ರೆ ಒಂದಿನ ಅತ್ತು ಸುಮ್ಕಾಯ್ತಿದ್ದೆ ದೊಡ್ಡಪ್ಪ. ಈಗ ಸಾಯೋಗಂಟ, ಓಗಿದ್ರೆ ಪಾಸಾಯ್ತಿದ್ನೇನೋ ಅಂದ್ಕೊಂಡೇ ನಿಮ್ಗೆಲ್ಲಾ ಮುದ್ದೆ ತಿರುವ್ಬೇಕು.”

ದೊಡ್ಡಪ್ಪ ತಟ್ಟೆ ಮುಂದಕ್ಕೆ ತಳ್ಳಿ, ಇನ್ನೊಂದು ಸೌಟು ಸಾರು ಹಾಕು ಎಂದರು.